ಬೀದಿಯ ಡೋಲು, ಓದುವ ಕೋಣೆ: ಕಾನೂನು ಏನು ಹೇಳುತ್ತದೆ?

ಪರೀಕ್ಷೆಯ ದಿನಗಳಲ್ಲಿ ಬೀದಿಯಲ್ಲಿ ಡೋಲಿನ ಸದ್ದು ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ಬಾರಿಸುವವರಿಗೆ ಅದೇ ಅಂದಿನ ಊಟ. ಕೋಲೆ ಬಸವನವರು, ದುರುಗಮುರುಗಿಯವರು, ಹಗಲುವೇಷದವರು ತಲೆಮಾರುಗಳಿಂದ ಹೀಗೆಯೇ ಬದುಕಿದವರು. ಇಬ್ಬರ ನಡುವಿನ ಈ ತಕರಾರನ್ನು ಕಾನೂನು ಹೇಗೆ ಬಗೆಹರಿಸುತ್ತದೆ?

ಇದಕ್ಕೆ ಆಧಾರ ಕೇಂದ್ರ ಸರ್ಕಾರದ 2000ದ ಶಬ್ದ ಮಾಲಿನ್ಯ ನಿಯಮಗಳು. ಯಾವಾಗ, ಎಲ್ಲಿ, ಎಷ್ಟು ಎಂಬ ಮೂರು ಪ್ರಶ್ನೆಗಳೇ ಅಲ್ಲಿ ಮುಖ್ಯ. ಮದುವೆ ಮೆರವಣಿಗೆ, ಉರೂಸ್, ಜಾತ್ರೆ, ಬೀದಿ ನಾಟಕ ಎಲ್ಲಕ್ಕೂ ಅವೇ ನಿಯಮಗಳು.

ಯಾವಾಗ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಹಗಲಿನಲ್ಲೂ ಮೈಕ್ ಹಾಕಲು ಲಿಖಿತ ಅನುಮತಿ ಬೇಕು.

ಎಲ್ಲಿ: ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಘೋಷಣೆಯಾದ ಕಡೆ ಡೋಲು ಬಾರಿಸುವುದು, ಜನ ಸೇರುವಂಥ ಪ್ರದರ್ಶನ ನೀಡುವುದು ತಪ್ಪಾಗುತ್ತದೆ.

ಎಷ್ಟು: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಈ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. 10 ಎಂದರೆ ಸಣ್ಣದಲ್ಲ. ಭೌತಶಾಸ್ತ್ರದಲ್ಲಿ ಓದಿದಂತೆ, ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ರಾತ್ರಿಯ ನಿರ್ಬಂಧ ಮುರಿದಿದ್ದರೆ ಈ ಲೆಕ್ಕವೂ ಬೇಕಿಲ್ಲ.

ತುರ್ತಾಗಿ 112ಕ್ಕೆ ಕರೆ ಮಾಡಬಹುದು. ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೆ, ಪೊಲೀಸ್ ಆಯುಕ್ತರಿಗೆ ಅಥವಾ ಇದಕ್ಕೆಂದು ನೇಮಿಸಿದ, ಡಿವೈಎಸ್ಪಿಗಿಂತ ಕೆಳಗಿನ ದರ್ಜೆಯವರಲ್ಲದ ಅಧಿಕಾರಿಗೆ ಇದೆ. ಸಂಗೀತವನ್ನು ನಿಷೇಧಿಸುವ ಆದೇಶ ಲಿಖಿತವಾಗಿರಬೇಕು. ಅದನ್ನು ಬದಲಿಸುವಂತೆ ಕಲಾವಿದರೂ ಅರ್ಜಿ ಹಾಕಬಹುದು. ಆಗ ಅವರ ಮಾತನ್ನೂ ಕೇಳಬೇಕು.

ಕಲಾವಿದರಿಗೆ ಇನ್ನೊಂದು ಭಯವೂ ಇದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡಿ, ಕುಣಿದು ಕಾಸು ಕೇಳುವುದನ್ನೂ ಭಿಕ್ಷೆಯೆಂದೇ ಕರೆಯಿತು. ದೆಹಲಿಗೂ ಅನ್ವಯವಾಗಿದ್ದ ಈ ಕಾಯ್ದೆಯ ಹಲವು ಕಲಂಗಳನ್ನು 2018ರಲ್ಲಿ ಅಲ್ಲಿನ ಹೈಕೋರ್ಟ್ ರದ್ದುಮಾಡಿತು. ಬಡತನವನ್ನು ಅಪರಾಧವಾಗಿ ಕಾಣುವುದನ್ನು ಅದು ಒಪ್ಪಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಎನ್‌ಎಸ್‌ಎಸ್ ತಂಡ ಬೀದಿ ನಾಟಕ ಆಡುವಾಗ ಮುಂಚೆಯೇ ಠಾಣೆಯಲ್ಲಿ ವಿಚಾರಿಸಲಿ. ಮೈಕ್ ಇಲ್ಲದೆ ನಡೆದರೆ ಇನ್ನೂ ಒಳ್ಳೆಯದು. ಡೋಲಿನವರು ಬಂದಾಗ ಫೋನ್ ಎತ್ತುವ ಮೊದಲು, “ಅಣ್ಣಾ, ಪರೀಕ್ಷೆ ಇದೆ, ಸ್ವಲ್ಪ ಮುಂದೆ ಹೋಗಿ ಬಾರಿಸ್ತೀರಾ?” ಎಂದು ಕೇಳೋಣ. ನೆರೆಯವರ ಹಕ್ಕಿನ ಬಗ್ಗೆ ನಮ್ಮ ದೀನ್ ಕಲಿಸಿದ್ದು ಮನೆಯೊಳಗೆ ಓದುತ್ತಿರುವವರಿಗೂ ಸಲ್ಲುತ್ತದೆ, ಬೀದಿಯಲ್ಲಿ ದುಡಿಯುವವರಿಗೂ ಸಲ್ಲುತ್ತದೆ.