ಒಂದೇ ಗಟ್ಟಿಯಿಂದ ಕಡೆದ ಕವಚ

ಟ್ಯಾಬ್ಲೆಟ್ ಕಂಪ್ಯೂಟರಿನ ಭಾಗಗಳಲ್ಲೆಲ್ಲ ಅತ್ಯಂತ ಸರಳವಾಗಿ ತೋರುವುದು ಅದರ ಬೆನ್ನಿಗಿರುವ ಲೋಹದ ಕವಚ. ಆದರೆ ತಯಾರಿಕೆಯ ದೃಷ್ಟಿಯಿಂದ ನೋಡಿದರೆ ಗಾಜಿನ ಪರದೆ ಬಾಗದಂತೆ ಹಿಡಿಯುವ ಬೆನ್ನೆಲುಬಾಗಿ, ಒಳಗಿನ ಬಿಸಿಯನ್ನು ಹೊರಗೆ ಹರಡುವ ಹಾದಿಯಾಗಿ, ರೇಡಿಯೊ ಅಲೆಗಳು ಬಂದುಹೋಗುವ ಕಿಟಕಿಯಾಗಿ, ಕೈಗೂ ಕಣ್ಣಿಗೂ ಹಿತವಾದ ಮೇಲ್ಮೈಯಾಗಿ ಒಂದೇ ತೆಳು ಲೋಹ ಏಕಕಾಲಕ್ಕೆ ಕೆಲಸ ಮಾಡಬೇಕಾಗುತ್ತದೆ. ಈ ನಾಲ್ಕು ಬೇಡಿಕೆಗಳು ಒಂದಕ್ಕೊಂದು ಹೊಂದುವಂಥವಲ್ಲವಾದ್ದರಿಂದ ಒಂದನ್ನು ಪೂರೈಸಹೊರಟಾಗ ಇನ್ನೊಂದು ಅಡ್ಡ ಬರುತ್ತದೆ, ಮತ್ತು ಕವಚ ತೆಳುವಾದಷ್ಟೂ ಈ ತಿಕ್ಕಾಟ ಬಿಗಿಯಾಗುತ್ತದೆ.

ಎರಕವೋ ಕಡೆತವೋ

ಗಟ್ಟಿ ವಸ್ತುವಿಗೆ ಆಕಾರ ಕೊಡುವ ಕ್ರಮಗಳಲ್ಲಿ ಎರಡು ಬಹಳ ಹಳೆಯವು: ಕರಗಿದ ಲೋಹವನ್ನು ಅಚ್ಚಿಗೆ ಸುರಿದು ತಣಿಸುವುದು ಎರಕ, ಗಟ್ಟಿಯಿಂದ ಬೇಡವಾದುದನ್ನು ತೆಗೆದುಹಾಕಿ ಬೇಕಾದುದನ್ನಷ್ಟೇ ಉಳಿಸುವುದು ಕಡೆತ. ಎರಡನೆಯ ಕ್ರಮದ ದೊಡ್ಡ ನಿದರ್ಶನಗಳು ಹಾಸನ ಜಿಲ್ಲೆಯಲ್ಲೇ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿ ಬೆಟ್ಟದ ನೆತ್ತಿಯ ಒಂದೇ ಬಂಡೆಯಿಂದ ಮೂಡಿದ್ದು. ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳ ದುಂಡುಕಂಬಗಳ ಮೇಲಿನ ನುಣುಪಾದ ಸುತ್ತುಗೆರೆಗಳು ಲೇತಿನಂತೆ ಕಲ್ಲನ್ನು ತಿರುಗಿಸುವ ಸಾಧನದಿಂದ ಬಂದವು ಎಂಬುದು ವಿದ್ವಾಂಸರ ಅಭಿಪ್ರಾಯ. ಮಜ್ಜಿಗೆಯನ್ನೂ ಮೂರ್ತಿಯನ್ನೂ ಕನ್ನಡಿಗರು ‘ಕಡೆಯುವುದು’ ಒಂದೇ ಕ್ರಿಯಾಪದದಿಂದ.

ಇಂದಿನ ಮೇಲ್ದರ್ಜೆಯ ಟ್ಯಾಬ್ಲೆಟ್ ಕವಚವೂ ಇದೇ ಏಕಶಿಲಾ ಕ್ರಮಕ್ಕೆ ಸೇರಿದ್ದು. 2008ರಲ್ಲಿ ಆಪಲ್ ಕಂಪನಿ ತನ್ನ ಲ್ಯಾಪ್‌ಟಾಪುಗಳ ಮೈಯನ್ನು ಅಲ್ಯುಮಿನಿಯಮ್ಮಿನ ಒಂದೇ ಗಟ್ಟಿಯಿಂದ ಕಡೆಯಲಾರಂಭಿಸಿತು. 2010ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಐಪ್ಯಾಡಿನ ಬೆನ್ನೂ ಅಲ್ಯುಮಿನಿಯಮ್ಮಿನದೇ ಆಗಿತ್ತು. ಅದರ ಒಟ್ಟು ದಪ್ಪ 13.4 ಮಿಲಿಮೀಟರ್ ಇದ್ದರೆ, 2024ರ 13 ಇಂಚಿನ ಐಪ್ಯಾಡ್ ಪ್ರೊ ಮಾದರಿಯ ದಪ್ಪ 5.1 ಮಿಲಿಮೀಟರಿಗೆ ಇಳಿದಿದೆ.

ಎರಕ ಅಗ್ಗವೂ ವೇಗದ್ದೂ ಆಗಿರುವಾಗ ಕಡೆತವೇ ಏಕೆ ಎಂಬ ಪ್ರಶ್ನೆ ಸಹಜ. ಅಚ್ಚಿನ ಇಕ್ಕಟ್ಟಾದ ಮೂಲೆಗಳಿಗೂ ಲೋಹ ಹರಿಯಬೇಕಾದರೆ ಅಲ್ಯುಮಿನಿಯಮ್ಮಿಗೆ ಶೇಕಡ 10ರ ಆಸುಪಾಸಿನಲ್ಲಿ ಸಿಲಿಕಾನ್ ಬೆರೆಸಬೇಕಾಗುತ್ತದೆ. ಹಾಗೆ ಬೆರೆಸಿದ ಮಿಶ್ರಲೋಹಕ್ಕೆ ಮುಂದೆ ವಿವರಿಸುವ ಆನೋಡೈಸಿಂಗ್ ಸಂಸ್ಕಾರ ಕೊಟ್ಟಾಗ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ಕಲೆಕಲೆಯಾಗುತ್ತದೆ. ಆದ್ದರಿಂದ ಹೊಳಪಿನ ಬಣ್ಣ ಬೇಕೆನ್ನುವವರು ಅಲ್ಪ ಪ್ರಮಾಣದ ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಇರುವ, 6000 ಸರಣಿ ಎಂದು ಕರೆಯಲಾಗುವ ಮಿಶ್ರಲೋಹದ ಹಲಗೆಯನ್ನು ಆರಿಸಿಕೊಂಡು, ಸಿಎನ್‌ಸಿ, ಅಂದರೆ ಕಂಪ್ಯೂಟರ್ ಕೊಡುವ ಅಂಕಿಗಳ ಆದೇಶದಂತೆ ಕತ್ತರಿಸುವ ಯಂತ್ರಕ್ಕೆ ಒಪ್ಪಿಸುತ್ತಾರೆ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಟ್ಯಾಬ್ಲೆಟ್ಟಿಗೆ ಇನ್ನೂ ಹಗುರವಾದ ಮೆಗ್ನೀಸಿಯಮ್ಮನ್ನು ಅಚ್ಚಿಗೆ ತುಂಬುವ ದಾರಿ ಹಿಡಿಯಿತು. ಆ ಲೋಹ ಬೇಗ ಸವೆಯುವುದರಿಂದ ಅದಕ್ಕೆ ರಕ್ಷಣೆಯ ಬೇರೆಯದೇ ಲೇಪ ಬೇಕಾಯಿತು.

ಪ್ಲಾಸ್ಟಿಕ್ಕಿನೊಡನೆ ಹೋಲಿಸಿದಾಗ ವೆಚ್ಚದ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ನೆರವಿನಿಂದ ಮಾರುಕಟ್ಟೆ ಕಂಡ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಮೈ ಪ್ಲಾಸ್ಟಿಕ್ಕಿನದಾಗಿತ್ತು. ಪ್ಲಾಸ್ಟಿಕ್ ಅಚ್ಚು ದುಬಾರಿಯಾದರೂ ಒಮ್ಮೆ ಸಿದ್ಧವಾದರೆ ಕೆಲವೇ ಕ್ಷಣಗಳಿಗೊಂದರಂತೆ ಲಕ್ಷಾಂತರ ಪ್ರತಿಗಳನ್ನು ಕೊಡುತ್ತದೆ. ಲೋಹದ ಕವಚದಲ್ಲಿ ಪ್ರತಿಯೊಂದನ್ನೂ ಮೊದಲಿನಿಂದ, ನಿಮಿಷಗಟ್ಟಲೆ, ಒಂದಾದ ಮೇಲೊಂದು ಯಂತ್ರದಲ್ಲಿಟ್ಟು ಕೊರೆಯಬೇಕು.

ಕೊರೆದಷ್ಟೂ ಬಾಗುವ ಲೋಹ

ಒಂದು ಲೆಕ್ಕವನ್ನು ಗಮನಿಸಬಹುದು. 250 ಮಿ.ಮೀ. ಉದ್ದ, 175 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಅಲ್ಯುಮಿನಿಯಂ ಹಲಗೆ ಸುಮಾರು 945 ಗ್ರಾಂ ತೂಗುತ್ತದೆ. ಒಂದು ಮಿಲಿಮೀಟರ್ ದಪ್ಪದ ಬೆನ್ನನ್ನೂ ತುಸು ದಪ್ಪನೆಯ ಅಂಚುಗೋಡೆಯನ್ನೂ ಉಳಿಸಿ ಮಿಕ್ಕಿದ್ದನ್ನು ಕೊರೆದರೆ ಕೈಯಲ್ಲಿ ಉಳಿಯುವುದು ಸುಮಾರು 150 ಗ್ರಾಂ ಮಾತ್ರ. ಉಳಿದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಲೋಹ ಸುರುಳಿ ಚೂರುಗಳಾಗಿ ಉದುರುತ್ತದೆ. ಈ ಚೂರನ್ನು ಕರಗಿಸಿ ಮರಳಿ ಬಳಸುವುದಕ್ಕೆ ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾದ ಶಕ್ತಿಯ ಸುಮಾರು ಶೇಕಡ 5ರಷ್ಟು ಸಾಕು, ಆದರೆ ಅದಕ್ಕೆ ಮೊದಲು ಚೂರಿಗೆ ಅಂಟಿದ ಕೂಲಂಟ್ ಎಣ್ಣೆಯನ್ನು ಬಿಡಿಸಿ, ಬೇರೆ ಮಿಶ್ರಲೋಹ ಬೆರೆಯದಂತೆ ವಿಂಗಡಿಸಬೇಕಾಗುತ್ತದೆ.

ಕೊರೆತದ ನಿಜವಾದ ತೊಡಕು ಲೋಹದ ಒಳಗಿದೆ. ಹಲಗೆಯನ್ನು ಒತ್ತಿ ತಯಾರಿಸುವಾಗಲೂ ಕಾಯಿಸಿ ತಣಿಸುವಾಗಲೂ ಅದರ ಪದರಗಳಲ್ಲಿ ಪರಸ್ಪರ ಎಳೆದಾಡುವ ಬಲಗಳು ಸಿಕ್ಕಿಕೊಂಡಿರುತ್ತವೆ. ಇಡಿಯಾಗಿದ್ದಾಗ ಇವು ಸಮತೋಲದಲ್ಲಿರುತ್ತವೆ, ಒಂದು ಬದಿಯ ಲೋಹವನ್ನು ತೆಗೆದೊಡನೆ ತೂಕ ತಪ್ಪಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಮೊದಲು ಒರಟಾಗಿ ಕೊರೆದು, ಬಲಗಳು ಸಡಿಲವಾಗಲು ಬಿಟ್ಟು, ಆಮೇಲೆ ನಯವಾಗಿ ಕೊರೆಯುವ ಕ್ರಮವಿದೆ. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದೆಂದು ಹೇಳಲಾಗುತ್ತದೆ. ಈ ಮಿಶ್ರಲೋಹವೂ ಕಾಯಿಸಿ ತಣಿಸಿದ ಕೂಡಲೇ ಮೆದುವಾಗಿದ್ದು ಕಾಲ ಸರಿದಂತೆ ಗಡುಸಾಗುವಂಥದ್ದೇ. ಆದರೆ ಕಲ್ಲನ್ನು ಮೆದುವಾಗಿದ್ದಾಗ ಕಡೆಯುವುದು ಲಾಭವಾದರೆ, ಅಲ್ಯುಮಿನಿಯಮ್ಮನ್ನು ಮೆದುವಾಗಿದ್ದಾಗ ಕಡೆದರೆ ಅದು ಉಪಕರಣದ ಅಲಗಿಗೇ ಅಂಟಿಕೊಳ್ಳುತ್ತದೆ; ಹಾಗಾಗಿ ಲೋಹವನ್ನು ಮೊದಲು ಗಡುಸುಗೊಳಿಸಿಯೇ ಯಂತ್ರಕ್ಕೆ ಒಡ್ಡಬೇಕು.

ಚಪ್ಪಟೆ ತಗಡಿನ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ, ಅಂದರೆ ದಪ್ಪ ಅರ್ಧವಾದರೆ ಬಾಗುವಿಕೆಗೆ ತಡೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 2018ರಲ್ಲಿ 5.9 ಮಿ.ಮೀ. ದಪ್ಪದ ಐಪ್ಯಾಡ್ ಪ್ರೊ ಹೊರಬಂದಾಗ ಅದು ಬಾಗಿರುತ್ತದೆಂಬ ದೂರುಗಳು ಕೇಳಿಬಂದವು. ಚಪ್ಪಟೆತನದಲ್ಲಿ 400 ಮೈಕ್ರಾನಿನವರೆಗಿನ ವ್ಯತ್ಯಾಸ ತನ್ನ ಮಿತಿಯೊಳಗಿನದೆಂದು ಕಂಪನಿ ಹೇಳಿತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಈ ಅಳತೆಯಲ್ಲಿ ಹವೆಯೂ ಪಾತ್ರ ವಹಿಸುತ್ತದೆ. 250 ಮಿ.ಮೀ. ಉದ್ದದ ಅಲ್ಯುಮಿನಿಯಂ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 57 ಮೈಕ್ರಾನಿನಷ್ಟು ಹಿಗ್ಗುತ್ತದೆ. ಬಡವರ ಊಟಿ ಎಂದು ಹೆಸರಾದ ಹಾಸನದಲ್ಲೂ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಅಷ್ಟು ಅಂತರ ಸಾಮಾನ್ಯ. ಬೆಳಿಗ್ಗೆ ಸರಿಯೆನಿಸಿದ ಕವಚ ಮಧ್ಯಾಹ್ನ ಅಳತೆ ಮೀರಿ ಕಾಣಬಾರದೆಂದೇ ಅಳತೆಯ ಕೋಣೆಗಳನ್ನು ಜಗತ್ತಿನೆಲ್ಲೆಡೆ 20 ಡಿಗ್ರಿಯಲ್ಲಿ ಸ್ಥಿರವಾಗಿ ಇಡುತ್ತಾರೆ.

ಅಲೆಗೆ ಅಡ್ಡಗೋಡೆ

ಇಸ್ರೋ ಸಂಸ್ಥೆಯು 1982ರಲ್ಲಿ ಹಾಸನದಲ್ಲಿ ಸ್ಥಾಪಿಸಿದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಬೃಹತ್ ಬೋಗುಣಿ ಆಂಟೆನಾಗಳು ಉಪಗ್ರಹಗಳ ಕ್ಷೀಣ ಸಂಕೇತಗಳನ್ನು ಒಂದೆಡೆ ಕೂಡಿಸಬಲ್ಲವು, ಏಕೆಂದರೆ ಲೋಹದ ಮೇಲ್ಮೈ ರೇಡಿಯೊ ಅಲೆಗಳನ್ನು ಒಳಗೆ ಬಿಡದೆ ಪ್ರತಿಫಲಿಸುತ್ತದೆ. ಅಲ್ಲಿ ವರವಾದ ಈ ಗುಣವೇ ಟ್ಯಾಬ್ಲೆಟ್ಟಿನಲ್ಲಿ ಶಾಪ: ಸುತ್ತಲೂ ಲೋಹವಿದ್ದರೆ ಒಳಗಿನ ಆಂಟೆನಾಕ್ಕೆ ವೈಫೈ ಆಗಲಿ ಮೊಬೈಲ್ ಸಂಕೇತವಾಗಲಿ ಎಟುಕದು. ಮೊದಲ ಐಪ್ಯಾಡಿನ 3ಜಿ ಮಾದರಿಯ ತಲೆಯ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದಕ್ಕೆ ಬಿಟ್ಟ ಕಿಟಕಿಯಾಗಿತ್ತು. ಅನಂತರ ಬಂದ ಕ್ರಮದಲ್ಲಿ ಲೋಹದ ಮೇಲೆ ರಾಸಾಯನಿಕಗಳಿಂದ ಅತಿಸೂಕ್ಷ್ಮ ಕುಳಿಗಳನ್ನು ಮಾಡಿ, ಆ ಕುಳಿಗಳೊಳಕ್ಕೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬಿ, ಎರಡೂ ಬೇರೂರಿದಂತೆ ಹಿಡಿದುಕೊಳ್ಳುವ ಹಾಗೆ ಮಾಡುತ್ತಾರೆ. ಕವಚದ ಅಂಚಿನಲ್ಲಿ ಕಾಣುವ ಸಪೂರ ಗೆರೆಗಳು ಇವೇ. ಲೋಹವೂ ಪ್ಲಾಸ್ಟಿಕ್ಕೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆಯಾದ್ದರಿಂದ ಕೀಲಿನಲ್ಲಿ ಬಿರುಕು ಬಿಡಬಾರದು, ಮುಂದಿನ ಹಂತದ ಆಮ್ಲದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಕೆಡಲೂಬಾರದು.

ಬಣ್ಣ ಮತ್ತು ನೀರು

ಆನೋಡೈಸಿಂಗ್ ಎಂದರೆ ಅಲ್ಯುಮಿನಿಯಮ್ಮನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ, ಲೋಹದ ಮೈಯಿಂದಲೇ ಗಡುಸಾದ ಆಕ್ಸೈಡ್ ಪದರವನ್ನು ಬೆಳೆಸುವುದು. ಹೊಳೆನರಸೀಪುರ, ಅರಕಲಗೂಡುಗಳ ಪಾತ್ರೆ ಅಂಗಡಿಗಳಲ್ಲಿ ಬಿಳಿಯ ಅಲ್ಯುಮಿನಿಯಂ ಡಬರಿಯ ಪಕ್ಕದಲ್ಲೇ ಸಿಗುವ ಕಪ್ಪು ‘ಹಾರ್ಡ್ ಆನೋಡೈಸ್ಡ್’ ಬಾಣಲೆ ಇದೇ ಸಂಸ್ಕಾರದ ದಪ್ಪನೆಯ ರೂಪ. ಪದರದಲ್ಲಿ ಉಳಿಯುವ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಹೀರಿಸಿ, ಬಿಸಿನೀರಿನಲ್ಲಿ ಬಾಯಿ ಮುಚ್ಚಿಸಿದರೆ ಬಣ್ಣ ಶಾಶ್ವತವಾಗಿ ನಿಲ್ಲುತ್ತದೆ. ಆದರೆ ಬಾಣಲೆಯಲ್ಲಿ ಕ್ಷಮ್ಯವಾದ ವ್ಯತ್ಯಾಸ ಇಲ್ಲಿ ಕ್ಷಮ್ಯವಲ್ಲ: ತೊಟ್ಟಿಯ ಉಷ್ಣತೆ, ಆಮ್ಲದ ಸಾಂದ್ರತೆ, ಮಿಶ್ರಲೋಹದ ಹದ ಇವುಗಳಲ್ಲಿ ಒಂದು ತುಸು ಬದಲಾದರೂ ಒಂದು ದಿನದ ಕವಚದ ಬಣ್ಣ ಇನ್ನೊಂದು ದಿನದ ಗುಂಡಿಯ ಬಣ್ಣಕ್ಕೆ ಹೊಂದುವುದಿಲ್ಲ. ಕೊರೆತದಲ್ಲಿ ಕಾಣದೆ ಉಳಿದ ಸಣ್ಣ ಗೀರು ಕೂಡ ಈ ಹಂತದಲ್ಲಿ ಎದ್ದು ಕಾಣುತ್ತದೆ.

ಇದೇ ಹಂತದಲ್ಲಿ ಪರಿಸರದ ಹೊಣೆಯೂ ಬರುತ್ತದೆ. ತೊಳೆದು ಬಿಟ್ಟ ನೀರಿನಲ್ಲಿ ಆಮ್ಲ, ಬಣ್ಣ, ಕರಗಿದ ಅಲ್ಯುಮಿನಿಯಂ ಇರುವುದರಿಂದ ಅದನ್ನು ತಟಸ್ಥಗೊಳಿಸಿ ಕೆಸರನ್ನು ಬೇರ್ಪಡಿಸದೆ ಹೊರಗೆ ಬಿಡುವಂತಿಲ್ಲ. ಹೊಳೆನರಸೀಪುರದ ದಡ ಸವರಿ ಹರಿಯುವ ಹೇಮಾವತಿಯೂ ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಹಾದುಹೋಗುವ ಕಾವೇರಿಯೂ ಮುಂದೆ ಕೃಷ್ಣರಾಜಸಾಗರವನ್ನು ಸೇರುವುದರಿಂದ, ಇಂಥ ಕೈಗಾರಿಕೆಯನ್ನು ಈ ಭಾಗಕ್ಕೆ ಬಯಸುವವರು ಜಾಗ ಮತ್ತು ವಿದ್ಯುತ್ತಿನ ಜೊತೆಗೆ ನೀರಿನ ಲೆಕ್ಕವನ್ನೂ ಮೊದಲೇ ಹಾಕಬೇಕಾಗುತ್ತದೆ.

ಕಸುಬಿನ ಬೇರು

ಕೋಲಾರ ಜಿಲ್ಲೆಯ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಇಂದು ಮೊಬೈಲ್ ಫೋನುಗಳ ಜೋಡಣೆ ನಡೆಯುತ್ತದೆ. ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಸಮೀಪ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಹೊರಕವಚದ ಭಾಗಗಳನ್ನು ತಯಾರಿಸುತ್ತದೆ. ಅಳತೆ ಚಿಕ್ಕದಾದರೂ ಫೋನಿನ ಕವಚದ ಕೆಲಸ ಟ್ಯಾಬ್ಲೆಟ್ಟಿನ ಕವಚದ ಕೆಲಸಕ್ಕೆ ಸೋದರಸಂಬಂಧಿ. ಜೋಡಣೆಗೂ ಕವಚದ ತಯಾರಿಕೆಗೂ ಇರುವ ಅಂತರವನ್ನು ಒಂದು ಗುಣಾಕಾರ ತೋರಿಸುತ್ತದೆ. ಕವಚವೊಂದು 20 ಹಂತಗಳನ್ನು ದಾಟಬೇಕಿದ್ದು, ಪ್ರತಿ ಹಂತದಲ್ಲಿ ನೂರಕ್ಕೆ 98 ಸರಿಯಾಗಿ ಬಂದರೂ ಕೊನೆಗೆ ಉಳಿಯುವುದು ನೂರಕ್ಕೆ 67 ಮಾತ್ರ. ನೂರಕ್ಕೆ 99 ಆದರೆ 82. ಕೊನೆಯಲ್ಲಿ 98 ಬೇಕಾದರೆ ಪ್ರತಿ ಹಂತದಲ್ಲೂ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಕೆಡಬಾರದು.

ಆ ಸಾವಿರಕ್ಕೊಂದರ ಶಿಸ್ತು ಯಂತ್ರ ಕೊಂಡೊಡನೆ ಬರುವಂಥದ್ದಲ್ಲ. ಕವಚವನ್ನು ಅಲುಗದಂತೆ, ಹಾಗೆಂದು ಬಾಗದಂತೆಯೂ ಹಿಡಿಯುವ ಫಿಕ್ಸ್ಚರನ್ನು ರೂಪಿಸುವವರು, ಅಲಗು ಸವೆದಿರುವುದನ್ನು ಗೀರು ಬೀಳುವ ಮೊದಲೇ ಗುರುತಿಸುವವರು ಟೂಲ್‌ರೂಮುಗಳಲ್ಲಿ ತಯಾರಾಗುತ್ತಾರೆ. 1953ರಲ್ಲಿ ಎಚ್‌ಎಂಟಿ, 1962ರಲ್ಲಿ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, 1972ರಲ್ಲಿ ಡೆನ್ಮಾರ್ಕಿನ ಸಹಕಾರದೊಡನೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಗಿ ಈ ಕಸುಬಿಗೆ ನೆಲೆ ಒದಗಿಸಿದವು. ತರಬೇತಿ ಕೇಂದ್ರದ ಶಾಖೆ ಹಾಸನದಲ್ಲೂ ಇದೆ, 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ಇದೆ. ಗೊಮ್ಮಟನ ಬಂಡೆಯಲ್ಲಿ ಉಳಿಯ ಒಂದು ಏಟು ತಪ್ಪಿದ್ದರೆ ಬೇರೆ ಬಂಡೆ ಇರಲಿಲ್ಲ. ಕೆಟ್ಟ ಕವಚವನ್ನು ಕರಗಿಸಿ ಲೋಹವನ್ನು ಮರಳಿ ಪಡೆಯಬಹುದು, ಆದರೆ ಹತ್ತೊಂಬತ್ತನೆಯ ಹಂತದಲ್ಲಿ ಕೆಟ್ಟರೆ ಹಿಂದಿನ ಹದಿನೆಂಟು ಹಂತಗಳ ದುಡಿಮೆ ಮೂಸೆಯಲ್ಲಿ ಮರಳಿ ಸಿಗುವುದಿಲ್ಲ.