ಸಿಗ್ನಲ್‌ಗೆ ನಮ್ಮ ಬೈಕ್ ಕಾಣ್ಸೋದೇ ಇಲ್ವಾ?

ಪುಣೆ, ಹೈದರಾಬಾದ್, ಚೆನ್ನೈಯಿಂದ ಆನ್‌ಸೈಟ್‌ಗೆ ಹೊರಡೋ ನಮ್ಮ ಹುಡುಗ್ರ ಕೈಲಿ ಒಂದು ಪಟ್ಟಿ ಇದ್ದೇ ಇರುತ್ತೆ. ಕುಕ್ಕರ್, ಚಟ್ನಿಪುಡಿ, ಸಾರಿನ ಪುಡಿ, ಒಂದು ಜೊತೆ ಕನ್ನಡಕ. ನಾನೂ ಎಲ್ಲಾ ತಗೊಂಡೇ ಹೋಗಿದ್ದೆ. ಆದ್ರೆ ಅಲ್ಲಿ ಬೈಕ್ ಓಡಿಸೋವಾಗ ಸಿಗ್ನಲ್ಲಲ್ಲಿ ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ. ಇಂದು ಅದನ್ನೇ ಹೇಳ್ತೀನಿ.

ನಾನಿದ್ದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಪುಣೆ ಟೀಮಿನ ಜೊತೆ ದಿನಾ ಮೀಟಿಂಗ್. ಅವರ ಸಂಜೆ ಆರು ಅಂದ್ರೆ ನನಗೆ ಬೇಸಿಗೆಯಲ್ಲಿ ಬೆಳಗಿನ ಐದೂವರೆ. ಕಾರು ತಗೊಳ್ಳೋಕೆ ಮನಸ್ಸು ಬರಲಿಲ್ಲ. ಎರಡನೇ ಕೈಯಿನ 250 ಸಿಸಿ ಬೈಕೊಂದು ತಗೊಂಡೆ. ಆಫೀಸಿನ ಹತ್ತಿರ ಒಂದು ಎಡ ತಿರುವು. ಅಲ್ಲಿ ಬಲಗಡೆ ಓಡಿಸೋದರಿಂದ ಎಡ ತಿರುವು ಅಂದ್ರೆ ನಮ್ಮ ಬಲ ತಿರುವಿದ್ದ ಹಾಗೆ, ಎದುರಿನ ಗಾಡಿಗಳನ್ನ ಅಡ್ಡ ಹಾಯಬೇಕು. ಅದಕ್ಕೆ ಪ್ರತ್ಯೇಕ ಲೇನು, ಪ್ರತ್ಯೇಕ ಬಾಣದ ದೀಪ.

ಕೆಂಪು ಬಾಣ. ನಿಂತೆ. ಅಡ್ಡ ರಸ್ತೆಗೆ ಹಸಿರು ಬಂತು, ಹೋಯ್ತು. ನನ್ನ ಪಕ್ಕದ ನೇರ ಲೇನಿಗೆ ಹಸಿರು ಬಂತು, ಹೋಯ್ತು. ಮತ್ತೆ ಅಡ್ಡ ರಸ್ತೆ. ನನ್ನ ಬಾಣ ಮಾತ್ರ ಕೆಂಪು. ಮೊದಲ ದಿನ ಹಿಂದೆ ಒಂದು ಕಾರು ಬಂದು ನಿಂತ ಮೇಲೆ ಹಸಿರಾಯ್ತು. ಕಾಕತಾಳೀಯ ಅಂದ್ಕೊಂಡೆ. ಎರಡನೇ ದಿನಾನೂ ಅದೇ. ಮೂರನೇ ದಿನ ಹಿಂದೆ ಯಾರೂ ಬರಲಿಲ್ಲ, ಮೀಟಿಂಗಿಗೆ ನಾಲ್ಕು ನಿಮಿಷ ಇತ್ತು. ರಸ್ತೆ ಖಾಲಿ ಅನ್ನಿಸ್ತು, ನುಗ್ಗಿಸಿಬಿಟ್ಟೆ. ನಮ್ಮ ರೂಢಿ ಪ್ರಕಾರ ಮೊದಲು ಬಲಕ್ಕೆ ನೋಡಿದ್ದೆ. ಅಲ್ಲಿ ಅಡ್ಡ ಬರೋ ಗಾಡಿ ಮೊದಲು ಸಿಗೋದು ಎಡದಿಂದ. ಒಂದು ಪಿಕಪ್ ಟ್ರಕ್ ಹಾರ್ನ್ ಹೊಡ್ಕೊಂಡು ನನ್ನ ಹಿಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ಹಾದುಹೋಯ್ತು. ಆ ದಿನ ಮೀಟಿಂಗಿನಲ್ಲಿ ನಾನು ಏನು ಮಾತಾಡಿದೆನೋ ಗೊತ್ತಿಲ್ಲ. ಕೈ ನಡುಗ್ತಾನೇ ಇತ್ತು.

ಅಂದು ಸಂಜೆ ನಡ್ಕೊಂಡು ಹೋಗಿ ಆ ಜಾಗ ನೋಡಿದೆ. ನಿಲುಗಡೆ ಗೆರೆಯ ಹಿಂದೆ, ಡಾಂಬರಿನಲ್ಲಿ ಗರಗಸದಿಂದ ಕೊಯ್ದ ಹಾಗೆ ತೆಳ್ಳನೆ ಗೆರೆಗಳು, ಅದಕ್ಕೆ ಕಪ್ಪು ಅಂಟು ತುಂಬಿದ್ದಾರೆ. ಸುಮಾರು ಆರಡಿ ಉದ್ದ, ಆರಡಿ ಅಗಲದ ಒಂದು ಚೌಕ. ಅದರೊಳಗೆ ತಾಮ್ರದ ತಂತಿಯನ್ನ ಮೂರ್ನಾಲ್ಕು ಸುತ್ತು ಹೂತಿರ್ತಾರೆ. ಅದೇ ಇಂಡಕ್ಟಿವ್ ಲೂಪ್. ನಮ್ಮ ಊರುಗಳಲ್ಲಿ ಸಿಗ್ನಲ್ ಅಂದ್ರೆ ಹೆಚ್ಚಾಗಿ ಗಡಿಯಾರ. ಗಾಡಿ ಇರಲಿ, ಇಲ್ಲದಿರಲಿ, ಅರವತ್ತು ಸೆಕೆಂಡು ಅಂದ್ರೆ ಅರವತ್ತು. ಅಲ್ಲಿ ಹಾಗಲ್ಲ. ಎಡ ತಿರುವಿನ ಲೇನಿನಲ್ಲಿ ಯಾರೂ ಇಲ್ಲ ಅಂತ ಲೂಪ್ ಹೇಳಿದ್ರೆ ಆ ಸರದಿಯನ್ನೇ ಹಾರಿಸಿ ಮುಂದೆ ಹೋಗುತ್ತೆ. ನನ್ನನ್ನ ಹಾರಿಸಿದ್ದು ಹೀಗೆ. ಅದರ ಲೆಕ್ಕದಲ್ಲಿ ನಾನು ಅಲ್ಲಿ ಇರಲೇ ಇಲ್ಲ.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿರೋದು ಎರಡು. ಒಂದು, ಅದು ತೂಕ ನೋಡುತ್ತೆ ಅನ್ನೋದು. ಅಲ್ಲ. ಆನೆ ಬಂದು ನಿಂತ್ರೂ ಹಸಿರಾಗಲ್ಲ. ಎರಡು, ಕಬ್ಬಿಣ ಜಾಸ್ತಿ ಇರಬೇಕು ಅನ್ನೋದು. ಅದೂ ಪೂರ್ತಿ ಸರಿಯಲ್ಲ. ಆ ತಂತಿಯಲ್ಲಿ ಪರ್ಯಾಯ ವಿದ್ಯುತ್ ಓಡ್ತಿರುತ್ತೆ, ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಾಯಿಸ್ತಾ. ಸುತ್ತ ಒಂದು ಬದಲಾಗೋ ಕಾಂತಕ್ಷೇತ್ರ ಇರುತ್ತೆ. ಅದರೊಳಗೆ ವಿದ್ಯುತ್ ಹರಿಸೋ ಲೋಹ ಬಂತು ಅಂದ್ರೆ ಆ ಲೋಹದಲ್ಲಿ ಸುಳಿ ಪ್ರವಾಹ ಹುಟ್ಟುತ್ತೆ, ಅದು ಮೂಲ ಕ್ಷೇತ್ರವನ್ನ ವಿರೋಧಿಸುತ್ತೆ. ಲೂಪಿನ ಇಂಡಕ್ಟೆನ್ಸ್ ಸ್ವಲ್ಪ ಇಳಿಯುತ್ತೆ, ಆವರ್ತನ ಏರುತ್ತೆ. ರಸ್ತೆ ಬದಿಯ ಪೆಟ್ಟಿಗೆಯಲ್ಲಿರೋ ಯಂತ್ರ ಅದನ್ನ ಗಮನಿಸಿ "ಗಾಡಿ ಬಂತು" ಅನ್ನುತ್ತೆ.

ಪಿಜಿಯಲ್ಲಿ ಇಂಡಕ್ಷನ್ ಸ್ಟೌ ಇಟ್ಕೊಂಡವರಿಗೆ ಒಂದು ಪ್ರಶ್ನೆ ಬಂದಿರುತ್ತೆ: ಆ ಸ್ಟೌ ಅಲ್ಯೂಮಿನಿಯಂ ಪಾತ್ರೆ ಒಪ್ಪಲ್ವಲ್ಲ, ಹಾಗಾದ್ರೆ ಅಲಾಯ್ ವೀಲ್ ಇರೋ ಬೈಕನ್ನ ಲೂಪ್ ಹೇಗೆ ಒಪ್ಪುತ್ತೆ? ಸ್ಟೌಗೆ ಬೇಕಿರೋದು ಶಾಖ. ಕಬ್ಬಿಣದ ತವಾದಲ್ಲಿ ಪ್ರವಾಹಕ್ಕೆ ತಡೆ ಜಾಸ್ತಿ, ಅದಕ್ಕೇ ಬಿಸಿಯಾಗುತ್ತೆ. ಲೂಪಿಗೆ ಶಾಖ ಬೇಡ, ಎದುರು ನಿಲ್ಲೋ ಪ್ರವಾಹ ಬೇಕು. ಅಲ್ಯೂಮಿನಿಯಂನಲ್ಲಿ ಅದು ಸಲೀಸಾಗಿ ಓಡುತ್ತೆ. ಅಡುಗೆಮನೆಯಲ್ಲಿ ಬೇಡವಾದದ್ದು ಸಿಗ್ನಲ್ಲಲ್ಲಿ ಬೇಕಾದದ್ದು. ಕಾರ್ಬನ್ ಚಕ್ರ ಹಾಕಿಸಿಕೊಂಡಿರೋ ಸೈಕಲ್ ಸವಾರರಿಗೆ ಮಾತ್ರ ಕಷ್ಟ.

ಹಾಗಾದ್ರೆ ನನ್ನ ಬೈಕ್ ಯಾಕೆ ಕಾಣಲಿಲ್ಲ? ಕಾರಿನ ತಳ ಅಂದ್ರೆ ಮಲಗಿಸಿದ ದೊಡ್ಡ ಲೋಹದ ತಟ್ಟೆ, ಇಡೀ ಚೌಕವನ್ನೇ ಮುಚ್ಚುತ್ತೆ. ಬೈಕ್ ಹಾಗಲ್ಲ. ನೆಲಕ್ಕೆ ಹತ್ತಿರ ಇರೋ ಲೋಹ ಅಂದ್ರೆ ಚಕ್ರದ ರಿಮ್, ಅದು ನೆಟ್ಟಗೆ ನಿಂತ ಬಳೆ. ನಾನು ಒಳ್ಳೇ ಹುಡುಗನ ಹಾಗೆ ಚೌಕದ ನಟ್ಟ ನಡುವೆ ನಿಲ್ಲಿಸ್ತಿದ್ದೆ. ಅಲ್ಲಿ ಕ್ಷೇತ್ರದ ರೇಖೆಗಳು ನೆಲದಿಂದ ಮೇಲಕ್ಕೆ ನೆಟ್ಟಗೆ ಹೋಗ್ತಿರ್ತವೆ. ನೆಟ್ಟಗೆ ನಿಂತ ಬಳೆಯ ಪಕ್ಕದಲ್ಲೇ ಜಾರಿ ಹೋಗ್ತವೆ, ಬಳೆಯ ಒಳಗೆ ತೂರಲ್ಲ. ತಂತಿಯ ಮೇಲೆ ಹಾಗಲ್ಲ, ರೇಖೆಗಳು ತಂತಿಯನ್ನ ಸುತ್ತುತ್ತವೆ. ಅಂದ್ರೆ ತಂತಿಯ ಸರಿ ಮೇಲೆ ಅವು ಅಡ್ಡಡ್ಡ. ಚಕ್ರ ಅಲ್ಲಿದ್ರೆ ಬಳೆಯ ನಡುವಿನಿಂದ ತೂರಿ ಹೋಗ್ತವೆ.

ಅದಕ್ಕೆ ಸಾದಾ ಚೌಕ ಆದ್ರೆ ಎಡದ ಅಥವಾ ಬಲದ ಕೊಯ್ತದ ಗೆರೆ ಮೇಲೆ ನಿಲ್ಲಿ, ಎರಡೂ ಚಕ್ರ ಗೆರೆಯ ಉದ್ದಕ್ಕೂ ಇರೋ ಹಾಗೆ. ಚೌಕದ ನಡುವೆ ಉದ್ದಕ್ಕೆ ಇನ್ನೊಂದು ಗೆರೆ ಕಂಡ್ರೆ ಅದು ಎಂಟರ ಆಕಾರದಲ್ಲಿ ಸುತ್ತಿದ ಲೂಪ್. ಅಲ್ಲಿ ನಡು ಗೆರೆಯೇ ಬೆಸ್ಟ್, ಎರಡು ಸುತ್ತಿನ ಪ್ರವಾಹ ಒಂದೇ ದಿಕ್ಕಿಗೆ ಸೇರೋದು ಅಲ್ಲೇ. ದುಂಡಗಿನ ಲೂಪ್ ಆದ್ರೆ ಅದರ ಎಡ ಅಥವಾ ಬಲ ಅಂಚು. ಕೆಲವು ಕಡೆ ನೆಲದ ಮೇಲೆ ಸೈಕಲ್ ಸವಾರನ ಚಿತ್ರ, ಅದರ ಮೇಲೂ ಕೆಳಗೂ ಒಂದೊಂದು ಪುಟ್ಟ ಗೆರೆ ಬರೆದಿರ್ತಾರೆ. "ಇಲ್ಲಿ ನಿಂತ್ರೆ ನೀನು ಕಾಣ್ತೀಯ" ಅಂತ ಅದರ ಅರ್ಥ. ಬೈಕಿಗೂ ಅದೇ ಜಾಗ.

ಆಯಸ್ಕಾಂತದ ವಿಷಯ ಹೇಳಲೇಬೇಕು. ಬೈಕಿನ ತಳಕ್ಕೆ ಅಂಟಿಸಿ, ಸಿಗ್ನಲ್ ಹಸಿರಾಗುತ್ತೆ ಅಂತ ಚಿಕ್ಕ ಆಯಸ್ಕಾಂತ ಮಾರ್ತಾರೆ. ಲೂಪಿಗೆ ಬೇಕಿರೋದು ಅದರದೇ ಕ್ಷೇತ್ರವನ್ನ ಕಲಕೋ ಲೋಹ. ಸುಮ್ಮನೆ ಕೂತ ಆಯಸ್ಕಾಂತದ ಕ್ಷೇತ್ರ ಬದಲಾಗೋದೇ ಇಲ್ಲ, ಹಾಗಾಗಿ ಲೂಪಿಗೆ ಅದು ಸಣ್ಣ ಲೋಹದ ಚೂರು ಅಷ್ಟೇ. ಆ ದುಡ್ಡಿಗೆ ಎರಡು ಮಸಾಲೆ ದೋಸೆ ತಿನ್ನಿ.

ಇತ್ತೀಚೆಗೆ ಲೂಪ್ ಬದಲು ಕಂಬದ ಮೇಲೆ ಕ್ಯಾಮೆರಾ ಇರೋ ಸಿಗ್ನಲ್ಲುಗಳೂ ಜಾಸ್ತಿ. ಅಲ್ಲಿ ಲೋಹದ ಮಾತಿಲ್ಲ, ಜಾಗದ ಮಾತು. ಕ್ಯಾಮೆರಾಗೆ ಇಷ್ಟು ಜಾಗ ನೋಡು ಅಂತ ಚೌಕಟ್ಟು ಹಾಕಿಕೊಟ್ಟಿರ್ತಾರೆ, ಅದು ಸಾಮಾನ್ಯವಾಗಿ ಗೆರೆಯ ಹಿಂದೆ. ನಮ್ಮವರ ಅಭ್ಯಾಸ ಗೊತ್ತಲ್ಲ: ಸಂದಿಯಲ್ಲಿ ತೂರಿ ಮುಂದೆ ಹೋಗಿ, ಝೀಬ್ರಾ ಪಟ್ಟೆ ಮೇಲೆ ಮುಂದಿನ ಚಕ್ರ ಇಟ್ಟು ನಿಲ್ಲೋದು. ಅಲ್ಲಿ ಹಾಗೆ ನಿಂತ್ರೆ ಕ್ಯಾಮೆರಾಗೂ ಕಾಣಲ್ಲ, ಲೂಪಿಗೂ ಸಿಗಲ್ಲ.

ಸರಿ ನಿಂತೂ ಹಸಿರು ಬರಲಿಲ್ಲ ಅಂದ್ರೆ? ಹಿಂದೆ ಕಾರಿದ್ರೆ ಸ್ವಲ್ಪ ಮುಂದೆ ಸರಿದು, ಮುಂದಕ್ಕೆ ಬಾ ಅಂತ ಕೈ ತೋರಿಸಿ. ಕಾರು ಲೂಪ್ ಮೇಲೆ ಬಂದ್ರೆ ಕೆಲಸ ಆಯ್ತು. ಯಾರೂ ಇಲ್ದಿದ್ರೆ ಬಲಕ್ಕೆ ತಿರುಗಿ, ಮುಂದೆ ಯೂ-ಟರ್ನ್ ಇರೋ ಕಡೆ ವಾಪಸ್ ಬನ್ನಿ. ಕೆಂಪಿದ್ರೂ ನಿಂತು ನೋಡಿ ಬಲಕ್ಕೆ ತಿರುಗೋದು ಅಮೆರಿಕದ ಬಹುತೇಕ ಕಡೆ ಸರಿ, ನ್ಯೂಯಾರ್ಕ್ ನಗರದಲ್ಲಿ ಮಾತ್ರ ಹುಷಾರು. ಕೆಲವು ರಾಜ್ಯಗಳಲ್ಲಿ ಬೈಕಿಗೆ ಕಾನೂನೇ ದಾರಿ ಬಿಟ್ಟಿದೆ. ಮಿನ್ನೆಸೋಟ 2002ರಲ್ಲೇ ಶುರು ಮಾಡ್ತು. ವರ್ಜೀನಿಯಾದಲ್ಲಿ 2011ರಿಂದ ಎರಡು ಪೂರ್ತಿ ಸುತ್ತು ಅಥವಾ ಎರಡು ನಿಮಿಷ, ಯಾವುದು ಕಮ್ಮಿಯೋ ಅಷ್ಟು ಕಾದು, ಎರಡೂ ಕಡೆ ನೋಡಿ ಹೋಗಬಹುದು. ಇಲಿನಾಯ್‌ನಲ್ಲಿ 120 ಸೆಕೆಂಡು, ಆದ್ರೆ ಷಿಕಾಗೋ ಒಳಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ವಿನಾಯಿತಿ ಇಲ್ಲ. ಅಂದ್ರೆ ನಾನು ಮಾಡಿದ್ದು ಅಪಾಯವೂ ಹೌದು, ಅಪರಾಧವೂ ಹೌದು. ಅಲ್ಲಿನ ಕಾನೂನು ಬೇರೆ ದಾರಿ ಹಿಡಿದಿದೆ. 2008ರಿಂದ, ಹೊಸದಾಗಿ ಹಾಕೋ ಅಥವಾ ಲೂಪ್ ಬದಲಿಸೋ ಸಿಗ್ನಲ್ಲುಗಳು ಸಾಧ್ಯವಾದ ಮಟ್ಟಿಗೆ ಬೈಕು, ಸೈಕಲನ್ನೂ ಗುರುತಿಸಬೇಕು.

ಅದನ್ನ ಓದಿದ ಮೇಲೆ ನಾನು ನಗರದ ಟ್ರಾಫಿಕ್ ವಿಭಾಗಕ್ಕೆ ಬರೆದೆ. ಯಾವ ಕ್ರಾಸು, ಯಾವ ಲೇನು, ಎಷ್ಟು ಹೊತ್ತಿಗೆ, ಇಷ್ಟೇ. ಮೊದಲ ಸಲ ಉತ್ತರ ಬರಲಿಲ್ಲ. ಎರಡನೇ ಸಲ ಬಂತು, ಸಂವೇದನೆ ಹೆಚ್ಚಿಸಿದ್ದೀವಿ ಅಂತ. ಅದು ಪೆಟ್ಟಿಗೆಯಲ್ಲಿ ಒಂದು ಸ್ವಿಚ್ಚಿನ ಕೆಲಸ, ರಸ್ತೆ ಅಗೆಯಬೇಕಿಲ್ಲ. ಬೇಕಾಬಿಟ್ಟಿ ಹೆಚ್ಚಿಸೋಕೂ ಆಗಲ್ಲ, ಪಕ್ಕದ ಲೇನಿನ ಲಾರಿಯನ್ನೂ ಎಣಿಸಿಬಿಡುತ್ತೆ. ಆಮೇಲೆ ಎಡ ಗೆರೆ ಮೇಲೆ ನಿಂತ್ರೆ ಪ್ರತಿ ದಿನ ಬಾಣ ಬಂತು. ಉತ್ತರ ಬರೋ ತನಕ ನಾನು ಬಲಕ್ಕೆ ತಿರುಗಿ ಸುತ್ತು ಹಾಕ್ಕೊಂಡೇ ಹೋಗ್ತಿದ್ದೆ, ಹತ್ತು ನಿಮಿಷ ಮೊದಲೇ ಮನೆ ಬಿಟ್ಟು.

ಒಂದು ತಮಾಷೆ. ಗಾಡಿ ಬಂದದ್ದನ್ನ ಗುರುತಿಸೋ ಸಿಗ್ನಲ್ಲು ಮೊದಮೊದಲು ಕೇಳಿಸಿಕೊಂಡದ್ದು ಹಾರ್ನನ್ನ! 1928ರಲ್ಲಿ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ಅನ್ನೋ ಎಂಜಿನಿಯರ್ ಕಂಬಕ್ಕೆ ಮೈಕ್ ಕಟ್ಟಿದ. ಹಾರ್ನ್ ಹೊಡೆದ್ರೆ ಹಸಿರು. ಮುಂಬೈ ಪೊಲೀಸರು 2020ರ ಜನವರಿಯಲ್ಲಿ ತೋರಿಸಿದ ಪ್ರಯೋಗ ಸರಿಯಾಗಿ ಅದರ ಉಲ್ಟಾ. ಸದ್ದು 85 ಡೆಸಿಬಲ್ ದಾಟಿದ್ರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ.

ನಮ್ಮಲ್ಲಿ ಲೂಪ್ ಯಾಕೆ ಹೆಚ್ಚು ಬಳಕೆಗೆ ಬರಲಿಲ್ಲ ಅಂದ್ರೆ, ನಮ್ಮಲ್ಲಿ ಲೇನೇ ಇಲ್ಲ. ಒಂದು ಬಸ್ಸಿನ ಜಾಗದಲ್ಲಿ ಆರು ಸ್ಕೂಟರು, ಒಂದು ಆಟೋ. ರಸ್ತೆ ಅಗೆದಾಗ ತಂತಿ ಕತ್ತರಿಸಿಹೋಗೋದು ಬೇರೆ. ಇದಕ್ಕೆ ಚೆನ್ನೈನ ಐಐಟಿಯವರು ದೊಡ್ಡ ಲೂಪಿನೊಳಗೆ ಚಿಕ್ಕ ಚಿಕ್ಕ ಲೂಪುಗಳನ್ನ ಇಟ್ಟು, ಬಸ್ಸನ್ನೂ ಸೈಕಲನ್ನೂ ಬೇರೆ ಬೇರೆಯಾಗಿ ಗುರುತಿಸೋ ವಿನ್ಯಾಸ ಮಾಡಿ ತೋರಿಸಿದ್ದಾರೆ. ಬೆಂಗಳೂರಿನ ಹೊಸ ಅಡಾಪ್ಟಿವ್ ಸಿಗ್ನಲ್ಲುಗಳು ಹೋಗಿರೋದು ಕ್ಯಾಮೆರಾ ದಾರಿಯಲ್ಲಿ. ಹಬ್ಬಕ್ಕೆ ಊರಿಗೆ ಹೋದಾಗ ಅಂಥ ಸಿಗ್ನಲ್ ಸಿಕ್ಕಿದ್ರೆ ಗೆರೆಯ ಹಿಂದೆ ನಿಲ್ಲಿ, ಅದು ಎಣಿಸೋದು ಅಲ್ಲಿ ನಿಂತವರನ್ನ.