ಅದಿರು ತೊಳೆಯುವ ಸೂಕ್ಷ್ಮಜೀವಿ

ಬಳ್ಳಾರಿ, ಹೊಸಪೇಟೆ, ಸಂಡೂರಿನ ಗುಡ್ಡಗಳಿಗೆ ಕೆಂಪು ಬಂದಿರುವುದು ಹೆಮಟೈಟ್‌ನಿಂದ, ಅಂದರೆ ಕಬ್ಬಿಣದ ಆಕ್ಸೈಡ್‌ನಿಂದ. ಆದರೆ ಅಗೆದು ತೆಗೆದದ್ದೆಲ್ಲ ಕಬ್ಬಿಣವಲ್ಲ. ಬೆಣಚುಕಲ್ಲಿನ ಪುಡಿ, ಜೇಡಿಮಣ್ಣು, ಅಲ್ಯುಮಿನಾ ಎಲ್ಲವೂ ಅದರೊಳಗೆ ಬೆರೆತಿರುತ್ತವೆ. ಅಲ್ಯುಮಿನಾ ಹೆಚ್ಚಾದರೆ ಊದುಕುಲುಮೆಯಲ್ಲಿ ಕಿಟ್ಟ ಗಟ್ಟಿಯಾಗಿ ಸಲೀಸಾಗಿ ಹರಿಯುವುದಿಲ್ಲ, ಕೋಕ್ ಹೆಚ್ಚು ಸುಡಬೇಕಾಗುತ್ತದೆ. ಅದಿರು ತೊಳೆದಾಗ ಹೊರಬೀಳುವ ನುಣ್ಣನೆಯ ಕೆಸರಿನ ಜೊತೆ ಒಳ್ಳೆಯ ಕಬ್ಬಿಣವೂ ಹರಿದು ಹೂಳಿನ ಕೊಳ ಸೇರುತ್ತದೆ.

ಈ ಕೆಸರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಬ್ಯಾಕ್ಟೀರಿಯಾವನ್ನೇ ಬಳಸಬಹುದೆಂದು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಮತ್ತು ಅವರ ಸಂಗಡಿಗರು. ಅವರು ಆರಿಸಿಕೊಂಡದ್ದು ಪೀನಿಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಗಾಳಿಯ ಸಾರಜನಕವನ್ನು ಹಿಡಿದಿಡಬಲ್ಲ ಇದು ರೈತನಿಗೂ ಮಿತ್ರ. 1990ರ ದಶಕದಲ್ಲಿ ಈ ಕುರಿತ ಅವರ ಪ್ರಬಂಧಗಳು ಪ್ರಕಟವಾಗತೊಡಗಿದವು.

ಬ್ಯಾಕ್ಟೀರಿಯಾ ಯಾವ ಖನಿಜಕ್ಕೆ ಅಂಟುತ್ತದೆ ಎಂಬುದರ ಗುಟ್ಟು ಖನಿಜದ ಮೇಲ್ಮೈಯಲ್ಲಿದೆ. ಆಕ್ಸೈಡ್ ಖನಿಜ ನೀರಿಗೆ ಬಿದ್ದೊಡನೆ ಅದರ ಮೇಲ್ಮೈ ಸುಮ್ಮನಿರುವುದಿಲ್ಲ. ಅಲ್ಲಿನ ಹೈಡ್ರಾಕ್ಸಿಲ್ ಗುಂಪುಗಳು ಹುಳಿ ನೀರಿನಲ್ಲಿ ಪ್ರೋಟಾನ್ ಪಡೆದು ಧನ ಆವೇಶ ತಳೆಯುತ್ತವೆ, ಕ್ಷಾರದಲ್ಲಿ ಪ್ರೋಟಾನ್ ಬಿಟ್ಟು ಋಣವಾಗುತ್ತವೆ. ಎರಡೂ ಸರಿಸಮವಾಗುವ ಪಿಎಚ್ ಒಂದೊಂದು ಖನಿಜಕ್ಕೂ ಬೇರೆ. ಬೆಣಚುಕಲ್ಲಿಗೆ ಅದು ಸುಮಾರು 2. ಹೆಮಟೈಟ್ ಮತ್ತು ಅಲ್ಯುಮಿನಾಕ್ಕೆ, ಮಾದರಿಗೆ ತಕ್ಕಂತೆ, 6ರಿಂದ 9ರ ನಡುವೆ. ಸಾಮಾನ್ಯ ನೀರಿನಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಮೇಲೆ ಋಣ ಆವೇಶವಿರುತ್ತದೆ. ಹೀಗಾಗಿ ಅದೇ ಆವೇಶದ ಬೆಣಚುಕಲ್ಲು ಅದನ್ನು ದೂರ ತಳ್ಳುತ್ತದೆ, ಹೆಮಟೈಟ್ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ.

ಖನಿಜಕ್ಕೆ ಬ್ಯಾಕ್ಟೀರಿಯಾ ಅಂಟಿದ್ದು ಎಷ್ಟು ಎಂದು ಅಳೆಯುವ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ನುಣ್ಣಗೆ ಅರೆದ ಖನಿಜದ ಪುಡಿಯನ್ನು ಬ್ಯಾಕ್ಟೀರಿಯಾ ಇರುವ ದ್ರಾವಣಕ್ಕೆ ಹಾಕಿ ಕುಲುಕುತ್ತಾರೆ. ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ತೆಗೆದು, ಗೆರೆ ಕೊರೆದ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಉಳಿದ ಜೀವಕೋಶಗಳನ್ನು ಮನೆಮನೆಯಾಗಿ ಎಣಿಸುತ್ತಾರೆ. ಮೊದಲಿದ್ದ ಸಂಖ್ಯೆಯಿಂದ ಇದನ್ನು ಕಳೆದರೆ ಕಲ್ಲಿಗೆ ಅಂಟಿದವು ಎಷ್ಟೆಂದು ತಿಳಿಯುತ್ತದೆ. ಪಿಎಚ್ ಬದಲಿಸಿದಾಗಲೆಲ್ಲ ಮತ್ತೆ ಮೊದಲಿನಿಂದ.

ವಿದ್ಯುದಾವೇಶವೊಂದೇ ಕಾರಣವಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬ್ಯಾಕ್ಟೀರಿಯಾ ತನ್ನ ಸುತ್ತ ಸಕ್ಕರೆಯ ಸರಪಳಿಗಳನ್ನೂ ಪ್ರೋಟೀನುಗಳನ್ನೂ ಸ್ರವಿಸುತ್ತದೆ. ಸಕ್ಕರೆಯ ಸರಪಳಿಗಳು ಹೆಮಟೈಟ್‌ಗೆ ಹೆಚ್ಚು ಅಂಟುತ್ತವೆ. ಆಗ ಹೆಮಟೈಟ್ ನೀರನ್ನು ಇನ್ನಷ್ಟು ಪ್ರೀತಿಸಿ, ಅದರ ಕಣಗಳು ಒಟ್ಟುಗೂಡಿ ಬೇಗ ತಳ ಸೇರುತ್ತವೆ. ಪ್ರೋಟೀನುಗಳ ಒಲವು ಬೆಣಚುಕಲ್ಲು ಮತ್ತು ಜೇಡಿಯತ್ತ. ಪ್ರೋಟೀನ್ ಅಂಟಿದ ಈ ಕಣಗಳು ನೀರಿಗೆ ಒಗ್ಗದೆ ಗಾಳಿಗುಳ್ಳೆ ಹಿಡಿದು ಮೇಲೇಳುತ್ತವೆ. ಅಕ್ಕಿ ರೋಣಿಸಿದಾಗ ಕಲ್ಲು ಹಿಂದುಳಿಯುವ ಹಾಗೆ ಇಲ್ಲಿ ಕಬ್ಬಿಣ ತಳದಲ್ಲಿ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಇದರ ಮುಂದಿನ ಹೆಜ್ಜೆ. ಬೆಣಚುಕಲ್ಲಿನ ಪುಡಿಯ ಜೊತೆಗೇ ಬೆಳೆಸಿದ ಬ್ಯಾಕ್ಟೀರಿಯಾ ಹೆಚ್ಚು ಪ್ರೋಟೀನ್ ಸ್ರವಿಸುತ್ತದೆ; ಹೆಮಟೈಟ್ ಜೊತೆ ಬೆಳೆದದ್ದು ಹೆಚ್ಚು ಸಕ್ಕರೆಯ ಸರಪಳಿಗಳನ್ನು. ಯಾವ ಕೆಲಸಕ್ಕೆ ಬೇಕೋ ಆ ಕೆಲಸಕ್ಕೆ ಜೀವಿಯನ್ನು ಪಳಗಿಸಬಹುದು ಎಂದಾಯಿತು.

ಬ್ಯಾಕ್ಟೀರಿಯಾ ಖನಿಜಕ್ಕೆ ಅಂಟುವುದು ಹೇಗೆಂಬ ಹುಡುಕಾಟ ಹೊರದೇಶಗಳಲ್ಲೂ ನಡೆದಿದೆ. 2001ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಶೆವಾನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೂ ಗೋಥೈಟ್ ಎಂಬ ಕಬ್ಬಿಣದ ಖನಿಜಕ್ಕೂ ನಡುವಿನ ಸೆಳೆತವನ್ನು ಅತಿಸೂಕ್ಷ್ಮ ಸೂಜಿಯಿಂದ ಅಳೆದಿತ್ತು. ಆಮ್ಲಜನಕ ಇಲ್ಲದಾಗ ಹಿಡಿತ ಬಿಗಿಯಾಗುತ್ತಿತ್ತು. ಉಸಿರಾಟಕ್ಕೆ ಆಗ ಆ ಜೀವಿ ಕಬ್ಬಿಣವನ್ನೇ ನೆಚ್ಚಬೇಕು.

ತೊಡಕುಗಳೂ ಇವೆ. ಬ್ಯಾಕ್ಟೀರಿಯಾ ಬೆಳೆಸಲು ಸಕ್ಕರೆ ಬೇಕು, ಸಮಯ ಬೇಕು. ಒಂದು ಗಣಿಯ ಅದಿರಿಗೆ ಒಗ್ಗಿದ ಕ್ರಮ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಆದರೂ ಅದಿರು ಬೇರ್ಪಡಿಸಲು ಬಳಸುವ ರಾಸಾಯನಿಕಗಳನ್ನು ತಗ್ಗಿಸಬಲ್ಲ ಇಂಥ ವಿದ್ಯೆ ನಮ್ಮ ರಾಜ್ಯದಲ್ಲೇ ಇರುವಾಗ, ಹೂಳಿನ ಕೊಳಗಳ ಹೊಣೆ ಹೊತ್ತ ಗಣಿ ಕಂಪನಿಗಳು ತಮ್ಮ ಕೆಸರಿನ ಮಾದರಿಯನ್ನು ಒಮ್ಮೆ ಈ ಪರೀಕ್ಷೆಗೆ ಒಡ್ಡಬೇಕು.